ಕ್ಯಾಸೆಟ್‌ಗಳನ್ನು ಗುಜರಿಗೆ ಹಾಕುವ ಮುನ್ನ

ಮಾನ್ಯ ಸಂಪಾದಕರೇ,

ಗ್ರಂಥಾಲಯಗಳನ್ನು ಡಿಜಿಟಲ್ ಮಾಡುವ ಭರದಲ್ಲಿ ಹಳೆಯ ವಿಡಿಯೊ ಕ್ಯಾಸೆಟ್, ವಿಸಿಡಿ (ವಿಡಿಯೊ ಸಿಡಿ)ಗಳನ್ನು ರದ್ದು ಪಟ್ಟಿಗೆ ಸೇರಿಸುವುದು ಕಾಲೇಜುಗಳಲ್ಲೂ ಸಾರ್ವಜನಿಕ ಗ್ರಂಥಾಲಯಗಳಲ್ಲೂ ನಡೆಯುತ್ತಿದೆ. ‘ಹೇಗೂ ಎಲ್ಲ ಯೂಟ್ಯೂಬಿನಲ್ಲಿ ಸಿಗುತ್ತದಲ್ಲ’ ಎಂಬುದು ಇದಕ್ಕೆ ಕೊಡುವ ಕಾರಣ. ಸಿನಿಮಾಗಳ ಮಟ್ಟಿಗೆ ಈ ಮಾತು ಅರ್ಧ ನಿಜ. ಆದರೆ ಅದೇ ಕಪಾಟಿನಲ್ಲಿ ರಾತ್ರಿಯಿಡೀ ನಡೆದ ಯಕ್ಷಗಾನದ ಆಟ, ಸಾಹಿತಿಗಳು ಕಾಲೇಜಿಗೆ ಬಂದು ಆಡಿದ ಮಾತು, ಈಗ ಇಲ್ಲದ ಹವ್ಯಾಸಿ ತಂಡದ ನಾಟಕ ಕೂಡ ಇರುತ್ತವೆ. ಅವುಗಳಿಗೆ ಇನ್ನೊಂದು ಪ್ರತಿ ಎಲ್ಲೂ ಇರುವುದಿಲ್ಲ. ಹಣವೂ ಸಮಯವೂ ಮೊದಲು ಅವಕ್ಕೆ ಸಲ್ಲಬೇಕು. ಆ್ಯಪ್, ಚಂದಾ, ದೊಡ್ಡ ಪರದೆ ಎಲ್ಲ ಆಮೇಲಿನ ಮಾತು.

ಅವಸರ ಮಾಡಲೇಬೇಕಾಗಿದೆ, ಏಕೆಂದರೆ ಕ್ಯಾಸೆಟ್ ಓಡಿಸುವ ಯಂತ್ರವೇ ಇಲ್ಲವಾಗುತ್ತಿದೆ. ಈ ಯಂತ್ರವನ್ನು, ಅಂದರೆ ವಿಸಿಆರ್ ಅನ್ನು, ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ಉತ್ಪಾದನೆ ನಿಲ್ಲಿಸಿತು. ಈಗ ಸಿಗುವುದೆಲ್ಲ ಹಳೆಯದು, ರಿಪೇರಿಯಾದದ್ದು. ಅದರ ಜೊತೆಗೆ ನಮ್ಮ ಕರಾವಳಿ, ಮಲೆನಾಡಿನ ತೇವ. ಕ್ಯಾಸೆಟ್ಟಿನ ಕಿಟಕಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ: ಸುತ್ತಿದ ಟೇಪಿನ ಅಂಚಿನಲ್ಲಿ ಹಿಟ್ಟು ಉದುರಿಸಿದಂತೆ ಬಿಳಿಯ ಪುಡಿ ಕಂಡರೆ ಅದು ಬೂಷ್ಟು. ಅಂಥದ್ದನ್ನು ‘ಒಮ್ಮೆ ಹಾಕಿ ನೋಡೋಣ’ ಎಂದು ಯಂತ್ರಕ್ಕೆ ತುರುಕಿದರೆ ಬೂಷ್ಟು ಟೇಪನ್ನು ಓದುವ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಅಲ್ಲಿಂದ ಮುಂದೆ ಹಾಕಿದ ಪ್ರತಿ ಕ್ಯಾಸೆಟ್ಟಿಗೂ ದಾಟುತ್ತದೆ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೇರೆ ಇಡಬೇಕು, ಶುಚಿ ಮಾಡುವುದನ್ನು ಬಲ್ಲವರಿಗೇ ಬಿಡಬೇಕು. ಚೆನ್ನಾಗಿರುವವನ್ನು ಟೇಪು ಪೂರ್ತಿ ಒಂದೇ ಕಡೆ ಸುತ್ತಿ, ಪುಸ್ತಕದಂತೆ ನೆಟ್ಟಗೆ, ಗೋಡೆಗೆ ತಾಗದ ಕಪಾಟಿನಲ್ಲಿಡಿ. ಒಳಗಿಟ್ಟ ಸಿಲಿಕಾ ಜೆಲ್ಲಿನ ನೀಲಿ ಹರಳು ಗುಲಾಬಿಯಾದರೆ ಬದಲಿಸಿ. ಮೇಲೆ ಬೇರೇನೂ ರೆಕಾರ್ಡ್ ಆಗದಂತೆ ಬೆನ್ನಿನ ಪ್ಲಾಸ್ಟಿಕ್ ಪಟ್ಟಿಯನ್ನು ಮುರಿದುಬಿಡಿ.

ಹೆಡ್ ಒರೆಸುವಾಗ ಆಗುವ ಒಂದು ತಪ್ಪಿನಿಂದ ಎಷ್ಟೋ ಯಂತ್ರಗಳು ಹಾಳಾಗಿವೆ. ಹತ್ತಿಯ ಕಡ್ಡಿ ಬೇಡ, ಅದರ ಎಳೆ ಸಿಕ್ಕಿಕೊಳ್ಳುತ್ತದೆ. ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಮೆತ್ತನೆಯ ಚರ್ಮದ ತುಂಡನ್ನು ಹೆಡ್ ಕೂತಿರುವ ಉರುಳೆಗೆ, ಅಂದರೆ ಡ್ರಮ್ಮಿಗೆ, ಒತ್ತಿ ಅಲುಗದಂತೆ ಹಿಡಿದು, ಇನ್ನೊಂದು ಕೈಯಿಂದ ಡ್ರಮ್ಮನ್ನು ನಿಧಾನವಾಗಿ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಿದರೆ ಹೆಡ್ಡಿನ ತುದಿ ಮುರಿಯುತ್ತದೆ, ಅಲ್ಲಿಗೆ ಯಂತ್ರ ಮುಗಿಯಿತು.

ಇನ್ನು ಡಿಜಿಟಲೀಕರಣ. ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆಯೇ ಬೇಕು, ಇದರಲ್ಲಿ ಅಡ್ಡದಾರಿಯಿಲ್ಲ. ವಿಸಿಆರ್‌ನ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಅಗ್ಗದ ಯುಎಸ್‌ಬಿ ಕಡ್ಡಿಗಳಲ್ಲಿ ಚಿತ್ರದ ಚೌಕಟ್ಟುಗಳು ಅಲ್ಲಲ್ಲಿ ಬಿಟ್ಟುಹೋಗುತ್ತವೆ. ಮೊದಲ ಹತ್ತು ನಿಮಿಷ ಸರಿಯಾಗಿದ್ದು, ಎರಡನೆಯ ಗಂಟೆಗೆ ಭಾಗವತರ ತುಟಿ ಒಂದು ಕಡೆ, ಪದ ಇನ್ನೊಂದು ಕಡೆ ಆಗುವುದು ಇದರಿಂದಲೇ. ವಿಸಿಆರ್‌ಗೂ ಕಂಪ್ಯೂಟರಿಗೂ ನಡುವೆ ಚಿತ್ರ ಬರುವ ವೇಗದ ಏರುಪೇರನ್ನು ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್ ಎಂಬ ಸಾಧನ ಇದ್ದರೆ ಈ ತೊಂದರೆಯೂ ಚಿತ್ರದ ಮೇಲಂಚು ಬಾಗುವುದೂ ಬಹುಮಟ್ಟಿಗೆ ನಿಲ್ಲುತ್ತವೆ. ಡಿಜಿಟಲ್ ಮೂಲಪ್ರತಿಯನ್ನು 720×576 ಪಿಕ್ಸೆಲ್ ಅಳತೆಯಲ್ಲಿ, ಏನೂ ನಷ್ಟವಾಗದ ಎಫ್‌ಎಫ್‌ವಿ1 ರೂಪದಲ್ಲಿ ಇಡಬೇಕು. ಗಂಟೆಗೆ ಸುಮಾರು 30ರಿಂದ 40 ಜಿಬಿ ಆಗುತ್ತದೆ, 4 ಟಿಬಿ ಡಿಸ್ಕಿನಲ್ಲಿ ನೂರು ಗಂಟೆ ಹಿಡಿಸುತ್ತದೆ. ಓದುಗರಿಗೆ ಕೊಡಲು ಇದರಿಂದಲೇ ಗಂಟೆಗೆ 700 ಎಂಬಿಯ ಎಂಪಿ4 ತೆಗೆಯಬಹುದು. ಚಿಕ್ಕದರಿಂದ ದೊಡ್ಡದು ಮಾತ್ರ ಎಂದಿಗೂ ಬರುವುದಿಲ್ಲ.

ವಿಸಿಡಿಯ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಡಿವಿಡಿಯ ಹಾಗೆ ಇದನ್ನೂ ಐಎಸ್‌ಒ (ಇಡೀ ತಟ್ಟೆಯ ನಕಲಾದ ಒಂದೇ ಕಡತ) ಮಾಡಿಟ್ಟರೆ ಆಮೇಲೆ ಚಿತ್ರ ಓಡುವುದಿಲ್ಲ. ವಿಸಿಡಿಯ ವಿಡಿಯೊ ಭಾಗವನ್ನು ಬೇರೆ ರೀತಿಯ ಸೆಕ್ಟರುಗಳಲ್ಲಿ (ತಟ್ಟೆಯ ಸಣ್ಣ ವಿಭಾಗಗಳಲ್ಲಿ) ಬರೆದಿರುತ್ತಾರೆ. ತಟ್ಟೆಯ ಮಾಹಿತಿಯಿರುವ ಬಿನ್ ಮತ್ತು ಅದರ ವಿನ್ಯಾಸ ತಿಳಿಸುವ ಕ್ಯೂ ಕಡತಗಳ ಜೋಡಿಯಾಗಿಯೇ ಇಳಿಸಿಕೊಳ್ಳಬೇಕು. ಮೇಲೆ ಅಂಟಿಸಿದ ಪರಿಗ್ರಹಣ ಸಂಖ್ಯೆಯ (ಗ್ರಂಥಾಲಯದ ದಾಖಲೆ ಸಂಖ್ಯೆಯ) ಚೀಟಿಯನ್ನು ಕೀಳಲು ಹೋಗಬೇಡಿ. ಸಿಡಿ ಜಾತಿಯ ತಟ್ಟೆಯಲ್ಲಿ ಮಾಹಿತಿಯ ಪದರ ಇರುವುದು ಆ ಚೀಟಿಯ ಕೆಳಗೇ. ಚೀಟಿಯೊಂದಿಗೆ ಅದೂ ಎದ್ದು ಬರುತ್ತದೆ.

ಕ್ಯಾಟಲಾಗ್ ಸರಿಯಿಲ್ಲದಿದ್ದರೆ ಇಷ್ಟೆಲ್ಲ ಮಾಡಿಯೂ ವ್ಯರ್ಥ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ ಶೀರ್ಷಿಕೆಗಳನ್ನು ಹಾಗೆಯೇ ಗ್ರಂಥಾಲಯ ತಂತ್ರಾಂಶವಾದ ಕೋಹಾಗೆ ಸೇರಿಸಿದರೆ ಪರದೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತದೆ, ಹುಡುಕಿದರೆ ಸಿಗುವುದಿಲ್ಲ. ಮೊದಲು ಯುನಿಕೋಡಿಗೆ ಬದಲಿಸಬೇಕು. ಆಟವಾದರೆ ಪ್ರಸಂಗ, ಮೇಳ, ಭಾಗವತರು, ಸ್ಥಳ, ದಿನಾಂಕ ಇಷ್ಟಾದರೂ ಬೇಕು. ಗುರುತಿಸಬಲ್ಲ ಹಿರಿಯರು ಊರಿನಲ್ಲಿ ಇರುವಾಗಲೇ ಅವರನ್ನು ಕೂರಿಸಿಕೊಂಡು ಬರೆಸಿಕೊಳ್ಳಬೇಕು.

ಓದುಗರಿಗೆ ತಲುಪಿಸಲು ದುಬಾರಿ ಇಂಟರ್ನೆಟ್ ಬೇಕಿಲ್ಲ. ಒಂದು ಸಾಧಾರಣ ಕಂಪ್ಯೂಟರ್, ಜೆಲ್ಲಿಫಿನ್‌ನಂಥ ಉಚಿತ ತಂತ್ರಾಂಶ, ಒಂದು ವೈಫೈ ರೂಟರ್ ಇದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲೂ ಹತ್ತು ಜನ ಏಕಕಾಲಕ್ಕೆ ನೋಡಬಹುದು, ತಲಾ 1.5 ಎಂಬಿಪಿಎಸ್ ವೇಗ ಸಾಕು, ಒಟ್ಟು 15. ಹಳೆಯ ಕಂಪ್ಯೂಟರುಗಳಲ್ಲೂ ಓಡುವಂತೆ ವಿಡಿಯೊ ಎಚ್.264 ಎಂಬ ಸಂಕೋಚನ ರೂಪದಲ್ಲಿ ಇರಲಿ. ಎಂಪಿ4 ಕಡತದಲ್ಲಿ ಯಾವುದು ಎಲ್ಲಿದೆ ಎಂದು ತಿಳಿಸುವ ಸೂಚಿ ಕೊನೆಯಲ್ಲಿದ್ದರೆ ಒತ್ತಿದ ಕೂಡಲೇ ಚಿತ್ರ ಶುರುವಾಗದೆ ಚಕ್ರ ತಿರುಗುತ್ತಲೇ ಇರಬಹುದು. ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಪರಿವರ್ತನೆಯ ತಂತ್ರಾಂಶದಲ್ಲಿ ‘ಫಾಸ್ಟ್‌ಸ್ಟಾರ್ಟ್’ ಆಯ್ಕೆ ಕೊಟ್ಟರೆ ಸೂಚಿ ಮುಂದಕ್ಕೆ ಬರುತ್ತದೆ.

ಕಾನೂನಿನ ಭಯದಿಂದ ಕೈಕಟ್ಟಿ ಕೂರುವವರೂ ಇದ್ದಾರೆ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ ಕಲಂ 52(1)(ಎನ್) ಪ್ರಕಾರ, ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿರುವ ಡಿಜಿಟಲ್ ಅಲ್ಲದ ಪ್ರತಿಯನ್ನು ಸಂರಕ್ಷಣೆಗಾಗಿ ವಿದ್ಯುನ್ಮಾನ ರೂಪದಲ್ಲಿ ಇಟ್ಟುಕೊಳ್ಳಬಹುದು. ಕ್ಯಾಸೆಟ್ಟಿಗೆ ಇದು ಅನ್ವಯಿಸುತ್ತದೆ, ವಿಸಿಡಿ, ಡಿವಿಡಿಗೆ ಇಲ್ಲ. ಆದರೆ ಇಟ್ಟುಕೊಳ್ಳುವ ಹಕ್ಕು ತೋರಿಸುವ ಹಕ್ಕಲ್ಲ. ಆಟ, ನಾಟಕಗಳನ್ನು ಅಂತರ್ಜಾಲಕ್ಕೆ ಏರಿಸುವ ಮುನ್ನ ಕಲಾವಿದರ ಅಥವಾ ಅವರ ಮನೆಯವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು. ಪ್ರದರ್ಶನ ನಡೆದ ಮೇಲೆ ಕಲಾವಿದರ ಹಕ್ಕು 50 ವರ್ಷ ಇರುತ್ತದೆ.

ಸಂಬಂಧಪಟ್ಟ ಇಲಾಖೆಗಳಲ್ಲಿ, ಕಾಲೇಜು ಆಡಳಿತ ಮಂಡಳಿಗಳಲ್ಲಿ ವಿನಂತಿ ಇಷ್ಟೇ. ಟೆಂಡರಿನಲ್ಲಿ ‘ಎಂಪಿ4ಗೆ ಪರಿವರ್ತಿಸಿ ಕೊಡುವುದು’ ಎಂಬ ಒಂದೇ ಸಾಲು ಬರೆದು ಕೈತೊಳೆದುಕೊಳ್ಳಬೇಡಿ. ನಷ್ಟವಿಲ್ಲದ ಮೂಲಕಡತ, ಪ್ರತಿ ಕಡತಕ್ಕೂ ಅದು ಕೆಟ್ಟಿಲ್ಲವೆಂದು ಪರೀಕ್ಷಿಸಲು ನೆರವಾಗುವ ಚೆಕ್‌ಸಮ್ ಎಂಬ ಗುರುತು, ಎರಡು ಬೇರೆ ಊರುಗಳಲ್ಲಿಡಲು ಎರಡು ಡಿಸ್ಕ್ ಕೇಳಿ. ಆದಿ, ಮಧ್ಯ, ಅಂತ್ಯ ಮೂರು ಕಡೆ ನಿಮ್ಮವರೇ ಕೂತು ನೋಡಿದ ಮೇಲೆ ಬಿಲ್ ಪಾಸು ಮಾಡಿ. ಕ್ಯಾಸೆಟ್ಟುಗಳನ್ನು ಎಣಿಸಿ ವಾಪಸು ಪಡೆದು, ಮತ್ತೆ ಅದೇ ಕಪಾಟಿನಲ್ಲಿಡಿ.

– ಒಬ್ಬ ಗ್ರಂಥಪಾಲಕಿ, ಶಿವಮೊಗ್ಗ