ಯುದ್ಧ ಬ್ಯಾಡ ಅಂದ್ರ ಸೈನಿಕ್ರಿಗೆ ಅವಮಾನ ಹೆಂಗ ಆಕ್ಕೈತಿ?

ಸಂಪಾದಕ್ರಿಗೆ ನಮಸ್ಕಾರ್ರಿ,

ಹೋದ ವಾರ ಚೆನ್ನಮ್ಮ ಸರ್ಕಲ್‌ನ್ಯಾಗ ಏಳೆಂಟು ಮಂದಿ ಕಾಲೇಜ್ ಹುಡುಗ್ರು ರಟ್ಟಿನ ಮ್ಯಾಲ ‘ಯುದ್ಧ ಬ್ಯಾಡ’ ಅಂತ ಬರ್ಕೊಂಡು ನಿಂತಿದ್ರು, ನಾನು ಬಸ್ ಹಿಡಿಯಾಕ ಹೊಂಟಾಕಿ ಅಲ್ಲೇ ನಿಂತು ನೋಡೀನಿ, ಘೋಷಣೆ ಇಲ್ಲ ಮೈಕ್ ಇಲ್ಲ ಸುಮ್ನ ನಿಂತಿದ್ರು ಪಾಪ, ಬೈಕ್ ಮ್ಯಾಲ ಹೋಗೋರು ಬ್ರೇಕ್ ಹಾಕಿ ‘ಗಡಿಗೆ ಹೋಗಿ ನಿಲ್ರಿ ಗೊತ್ತಾಕ್ಕೈತಿ’ ಅಂತ ಬೈದು ಹೋಗ್ತಿದ್ರು. ಒಬ್ಬಾಕಿ ಹುಡುಗಿ ಕೈ ನಡಗಾಕತ್ತಿದ್ವು, ರಟ್ಟು ಮಾತ್ರ ಇಳಸ್ಲಿಲ್ಲ. ಎರಡ ದಿನಕ್ಕ ನಿಮ್ಮ ಪೇಪರ್‌ನ್ಯಾಗ ಒಬ್ರ ಪತ್ರ ಬಂತು, ಇಂಥೋರು ಸೈನಿಕ್ರಿಗೆ ಅವಮಾನ ಮಾಡಾಕತ್ತಾರ ಅಂತ. ನಾನು ಸೈನಿಕನ ಮಗಳು, ಅದಕ್ಕ ಬರಿಯಾಕತ್ತೀನಿ.

ನಮ್ಮಪ್ಪ 1988ರಾಗ ಶ್ರೀಲಂಕಾಕ್ಕ ಹೋಗಿದ್ದ. ಭಾರತ ಅಲ್ಲಿಗೆ ಕಳಿಸಿದ ಸೈನ್ಯಕ್ಕ ಶಾಂತಿ ಪಡೆ ಅಂತ ಹೆಸರು, 1987ರ ಜುಲೈನ್ಯಾಗ ಎರಡೂ ದೇಶದ ನಡುವ ಒಪ್ಪಂದ ಆತು, ಅಕ್ಟೋಬರ್ ಬರೂದ್ರಾಗ ಶಾಂತಿ ಕಾಯಾಕ ಹೋದೋರು ತಮಿಳು ಬಂಡುಕೋರ್ರ ಎಲ್‌ಟಿಟಿಇ ಜೋಡಿ ಯುದ್ಧಾನ ಮಾಡಬೇಕಾತು. ಅಪ್ಪನ ಇನ್‌ಲ್ಯಾಂಡ್ ಲೆಟರ್ 56 ಎಪಿಒ ಅಂತ ಸೈನ್ಯದ ಅಂಚೆ ಅಡ್ರೆಸ್ ಇಟ್ಕೊಂಡು ಬರ್ತಿದ್ವು, ಅವ್ವಗ ಓದಾಕ ಬರಾಂಗಿಲ್ಲ, ಬಾಜೂ ಮನಿ ಮಾಸ್ತರು ಓದಿ ಹೇಳೋರು, ಎಲ್ಲಾದ್ರಾಗೂ ಅದ ಎರಡ ಸಾಲು, ನಾ ಆರಾಮ ಅದೀನಿ, ಮಕ್ಕಳ್ನ ಸಾಲಿ ಬಿಡಸಬ್ಯಾಡ. 1989ರಾಗ ಅಲ್ಲಿ ಅಧ್ಯಕ್ಷ ಪ್ರೇಮದಾಸ ಅವರ ನಿಮ್ಮ ಸೈನ್ಯ ವಾಪಸ್ ಕರ್ಕೋರಿ ಅಂದ್ರು, ತಮಿಳ್ರಿಗೂ ಬ್ಯಾಡಾಗಿತ್ತು ಸಿಂಹಳೀಯ್ರಿಗೂ ಬ್ಯಾಡಾಗಿತ್ತು, ಆದ್ರೂ ನಮ್ಮ ಹುಡುಗ್ರು ಅಲ್ಲೇ ಇದ್ರು. 1990ರ ಮಾರ್ಚ್‌ನ್ಯಾಗ ಕಡೇ ತುಕಡಿ ತಿರುಗಿ ಬರೂದ್ರಾಗ ಸುಮಾರು 1,200 ಮಂದಿ ಸತ್ತಿದ್ರು. ಮದ್ರಾಸಿಗೆ ಬಂದಿಳದ್ರ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕ ಹೋಗ್ಲಿಲ್ಲ. ಅವಮಾನ ಅಂದ್ರ ಅದು. ಯುದ್ಧಕ್ಕ ಕಳಿಸಿದೋರ ಮ್ಯಾಲಿನ ಸಿಟ್ಟು ಹೋದೋನ ಮ್ಯಾಲ ಬಿತ್ತು, ಅದನ್ನ ನಾನು ಇವತ್ತಿಗೂ ಒಪ್ಪಾಂಗಿಲ್ಲ.

ಆದ್ರ ಅದಕ್ಕಿಂತ ಮೊದ್ಲು, ಅಪ್ಪ ಅಲ್ಲಿದ್ದಷ್ಟು ದಿನ, ನಮ್ಮ ಓಣ್ಯಾಗ ಒಬ್ರರ ‘ನಿಮ್ಮನಿಯವ್ರನ್ನ ಯಾಕ ಕಳ್ಸ್ಯಾರ, ಯಾವಾಗ ಕರಸ್ತಾರ’ ಅಂತ ಬಾಯಿ ಬಿಟ್ಟು ಕೇಳ್ಲಿಲ್ಲ. ಅವ್ವಗ ಕೇಳೂ ಧೈರ್ಯ ಇರ್ಲಿಲ್ಲ, ಅಪ್ಪಗ ಕೇಳೂ ಹಕ್ಕು ಇರ್ಲಿಲ್ಲ, ಯುನಿಫಾರ್ಮ್ ಹಾಕ್ಕೊಂಡೋನು ಹುಕುಂ ಬಂದ್ರ ಹೋಗಬೇಕು ಅಷ್ಟ. ಅದಕ್ಕ ಕೇಳೂ ಕೆಲಸ ಊರಾಗ ಇರೋ ನಮ್ಮದು, ಸರ್ಕಲ್‌ನ್ಯಾಗ ನಿಂತ ಆ ಹುಡುಗ್ರದು.

ಕೇಳಿದ್ರ ಏನಾಕ್ಕೈತಿ ಅಂತೀರಿ? 2003ರ ಫೆಬ್ರವರಿ 15ಕ್ಕ ಇರಾಕ್ ಯುದ್ಧ ಬ್ಯಾಡಂತ ಲಂಡನ್, ರೋಮ್ ಅಂತ ನೂರಾರು ಊರಾಗ ಲಕ್ಷಗಟ್ಟಲೆ ಮಂದಿ ಒಂದ ದಿನ ಬೀದಿಗಿಳದ್ರು, ಯುದ್ಧ ನಿಲ್ಲಲಿಲ್ಲ ಖರೆ, ಮಾರ್ಚ್ 20ಕ್ಕ ಬಾಂಬ್ ಬಿದ್ವು. ಆದ್ರ ಮುಂದಿಂದು ಕೇಳ್ರಿ. ನಮ್ಮ ಲೋಕಸಭೆ ಏಪ್ರಿಲ್‌ನ್ಯಾಗ ಆ ಯುದ್ಧ ಖಂಡಿಸಿ ನಿರ್ಣಯ ಮಾಡ್ತು, ಆಮ್ಯಾಲ ಅಮೆರಿಕದವ್ರು ಭಾರತದ್ದೂ ಒಂದು ಡಿವಿಷನ್ ಸೈನ್ಯ ಇರಾಕಿಗೆ ಕಳಸ್ರಿ ಅಂತ ದುಂಬಾಲು ಬಿದ್ದಿದ್ರು, ದೇಶದಾಗ ಮಂದಿ ಒಪ್ಪಲಿಲ್ಲ, ವಿರೋಧ ಪಕ್ಷ ಒಪ್ಪಲಿಲ್ಲ, ಜುಲೈ 14ಕ್ಕ ವಾಜಪೇಯಿ ಸರ್ಕಾರ ಆಗಾಂಗಿಲ್ಲ ಅಂತು. ನಮ್ಮಣ್ಣ ಆಗ ಪಲ್ಟನ್‌ನ್ಯಾಗಿದ್ದ. ಮರುದಿನ ಅವ್ವ ಕಪಿಲೇಶ್ವರ ಗುಡಿಗೆ ಹೋಗಿ ಕಾಯಿ ಒಡಿಸ್ಕೊಂಡು ಬಂದಿದ್ಲು.

ಅಮೆರಿಕದಾಗಂತೂ ವಿಯೆಟ್ನಾಂ ಯುದ್ಧದ ವಿರುದ್ಧ ಸೈನಿಕ್ರ ನಿಂತಿದ್ರು. 1969ರ ಡಿಸೆಂಬರ್ 1ಕ್ಕ ಹುಡುಗ್ರ ಹುಟ್ಟಿದ ತಾರೀಖಿನ ಚೀಟಿ ಎತ್ತಿ ಯಾರನ್ನ ಮೊದ್ಲು ಯುದ್ಧಕ್ಕ ಕಳಸೂದು ಅಂತ ತೀರ್ಮಾನ ಮಾಡಿದ್ರು, ಲಾಟರಿ ಅದು, ತಾಯಂದಿರು ಟಿವಿ ಮುಂದ ಕುಂತು ನೋಡ್ಯಾರ. 1971ರ ಏಪ್ರಿಲ್‌ನ್ಯಾಗ ಯುದ್ಧದಿಂದ ಬಂದ ನೂರಾರು ಸೈನಿಕ್ರು ವಾಷಿಂಗ್ಟನ್‌ದಾಗ ಸಂಸತ್ತಿನ ಮುಂದ ಒಬ್ಬೊಬ್ರಾಗಿ ಬಂದು ತಮ್ಮ ಮೆಡಲ್ ಬೇಲಿ ಆಚೆ ಒಗದ್ರು. ಇದನ್ನ ಅಪ್ಪಗ ಹೇಳಿದೆ. ಅಪ್ಪ ಏನೂ ಅನ್ನಲಿಲ್ಲ, ಬಿಳಿ ಬಣ್ಣದಾಗ ನಂಬರ್ ಬರದಿರೋ ಕರಿ ಟ್ರಂಕ್ ತಗದ, ಬಟ್ಟಿ ಗಂಟಿನ್ಯಾಗಿಂದ ಮೆಡಲ್ ತಗದು ಪಂಜಾದ ತುದಿಲೆ ಒರೆಸಿದ, ತಿರುಗಿ ಹಂಗ ಗಂಟು ಕಟ್ಟಿಟ್ಟ. ‘ನಾ ಒಗಿಯಾಂಗಿಲ್ಲವಾ, ಆದ್ರ ಅವ್ರು ಯಾಕ ಒಗದ್ರು ಅನ್ನೂದು ನನಗ ತಿಳೀತೈತಿ’ ಅಂದ.

ಇದೆಲ್ಲ ಹೊರದೇಶದ ಚಟ ಅಂತ ಬರದಾರಲ್ಲ ಆ ಪತ್ರದಾಗ, ಹಂಗಂದ್ರ ನಮ್ಮ ಟಿಳಕವಾಡಿ ಕಾಂಗ್ರೆಸ್ ಬಾವಿ ಮುಂದ ಒಂದ್ಸಲ ನಿಂತು ಬರ್ರಿ. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದ ಒಂದು ಕಾಂಗ್ರೆಸ್ ಅಧಿವೇಶನ 1924ರಾಗ ನಮ್ಮೂರಾಗ ಆಗೈತಿ, ಅದಕ್ಕಂತ ತೋಡಿದ ಬಾವಿ ಅದು. ಅದ ಗಾಂಧೀಜಿ, 1939ರಾಗ ವೈಸರಾಯ್ ನಮ್ಮೋರ್ನ ಒಂದು ಮಾತು ಕೇಳದ ಭಾರತಾನೂ ಎರಡನೇ ಮಹಾಯುದ್ಧದಾಗೈತಿ ಅಂತ ಸಾರಿದಾಗ, ಮುಂದ 1940ರ ಅಕ್ಟೋಬರ್ 17ಕ್ಕ ವಿನೋಬಾ ಭಾವೆ ಅವರನ್ನ ಒಬ್ರನ್ನ ನಿಲ್ಲಿಸಿದ್ರು. ಮೋರ್ಚಾ ಅಲ್ಲ, ಬಂದ್ ಅಲ್ಲ, ಒಬ್ಬೊಬ್ರ, ಅದೂ ಇಂಥಾ ದಿನ ಇಂಥಾ ಜಾಗದಾಗ ಮಾತಾಡ್ತೀನಿ ಅಂತ ಅಧಿಕಾರಿಗೆ ಮುಂಚೇನ ತಿಳಿಸಿ, ಈ ಯುದ್ಧಕ್ಕ ಜನ ಕೊಡಬ್ಯಾಡ್ರಿ ದುಡ್ಡು ಕೊಡಬ್ಯಾಡ್ರಿ ಅಂತ ಹೇಳಿ ಜೈಲಿಗೆ ಹೋಗೂದು. ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಮಂದಿ ಹಂಗ ಜೈಲಿಗೆ ಹೋದ್ರು. ರಷ್ಯಾದಾಗ 2022ರಾಗ ಉಕ್ರೇನ್ ಯುದ್ಧ ಬ್ಯಾಡಂತ, ಏನೂ ಬರೀದ ಬರೇ ಬಿಳಿ ಹಾಳಿ ಹಿಡ್ಕೊಂಡು ನಿಂತೋರ್ನೂ ಪೊಲೀಸ್ರು ಎತ್ಕೊಂಡು ಹೋದ್ರು. ಹೇಳೋ ಮಾತು ಖರೆ ಇದ್ರ ಏಳೆಂಟು ಮಂದೀನೂ ಸಾಕು, ಒಬ್ಬಾಕೀನೂ ಸಾಕು.

ಕಬ್ಬಿನ ರೇಟಿಗೆ ಹೈವೇದಾಗ ಕುಂತ್ರ ನಾವು ಬೈಯೂದಿಲ್ಲ, ರೊಟ್ಟಿ ಬುತ್ತಿ ಕಟ್ಟಿ ಕಳಸ್ತೀವಿ. ಜೀವದ ಮಾತಿಗೆ ನಿಂತ ಮಕ್ಕಳಿಗೆ ಬೈಕ್ ಮ್ಯಾಲಿಂದ ಬೈಗಳ ಯಾಕ್ರಿ?

ಸಂಪಾದಕ್ರ, ಒಂದ ವಿನಂತಿ. ನಿಮ್ಮ ವರದಿಗಾರ್ರನ್ನ ಆ ಹುಡುಗ್ರ ಕಡೆ ಕಳಸ್ರಿ, ಅವ್ರು ಯಾಕ ನಿಂತಿದ್ರು ಅನ್ನೂದು ಅವ್ರ ಬಾಯಿಂದಾನ ಕೇಳಿ, ಆ ಪತ್ರ ಹಾಕಿದ್ರಲ್ಲ, ಅದ ಜಾಗದಾಗ ಹಾಕ್ರಿ. ಅಪ್ಪ ದಿನಾ ಬೆಳಿಗ್ಗೆ ನಿಮ್ಮ ಪೇಪರ್ ಓದ್ತಾನ.

– ಮಾಜಿ ಸೈನಿಕರೊಬ್ಬರ ಮಗಳು, ಬೆಳಗಾವಿ