ಲೆಕ್ಕ ಬಲ್ಲವರಿಗೆ ಪ್ರೋಗ್ರಾಮಿಂಗ್ ಹೊರಗಿನ ವಿದ್ಯೆಯಲ್ಲ

ಮಾನ್ಯ ಸಂಪಾದಕರೇ,

ಬಿ.ಕಾಂ. ಮುಗಿಸಿ ಅಕೌಂಟ್ಸ್ ವಿಭಾಗಗಳಲ್ಲಿ ದುಡಿಯುತ್ತಿರುವ ನಮ್ಮ ರಾಜ್ಯದ ಎಷ್ಟೋ ಯುವಕ ಯುವತಿಯರು, ಪ್ರೋಗ್ರಾಮಿಂಗ್ ಎಂಬುದು ಎಂಜಿನಿಯರಿಂಗ್ ಓದಿದವರ ಸೊತ್ತು ಎಂದು ಭಾವಿಸಿ ಅದರಿಂದ ದೂರ ಉಳಿದಿದ್ದಾರೆ. ಹಲವು ವರ್ಷ ಹಣಕಾಸು ವಿಭಾಗದಲ್ಲಿದ್ದು, ಈಗ ಅಂಥವೇ ವಿಭಾಗಗಳಿಗೆ ಎಂಐಎಸ್ (ಆಡಳಿತದವರ ನಿರ್ಧಾರಕ್ಕೆ ಬೇಕಾದ ಮಾಹಿತಿಯ) ವರದಿಗಳನ್ನು ಸಿದ್ಧಪಡಿಸುವ ಮತ್ತು ಕೈಯಿಂದ ಮಾಡುತ್ತಿದ್ದ ಲೆಕ್ಕದ ಕೆಲಸಗಳನ್ನು ಪ್ರೋಗ್ರಾಮಿಗೆ ಒಪ್ಪಿಸುವ ವೃತ್ತಿಗೆ ಬಂದಿರುವ ನಾನು, ಈ ಭಾವನೆ ಸರಿಯಲ್ಲವೆಂದು ಅವರಿಗೂ ಅವರಿಗೆ ಪಾಠ ಹೇಳುವ ಕಾಲೇಜುಗಳಿಗೂ ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ.

ಜಿಎಸ್‌ಟಿ ತಾಳೆ ನೋಡುವ ಒಂದು ಕೆಲಸವನ್ನೇ ತೆಗೆದುಕೊಳ್ಳೋಣ. 2022ರ ಜನವರಿ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಮಾರಿದವರು ತಮ್ಮ ಮಾರಾಟದ ವಿವರಪಟ್ಟಿಯಾದ ಜಿಎಸ್‌ಟಿಆರ್-1ರಲ್ಲಿ ಬಿಲ್ಲನ್ನು ತೋರಿಸಿ, ಅದು ಕೊಂಡವರ ಹೆಸರಿನಲ್ಲಿ ಪೋರ್ಟಲ್ ತಾನಾಗಿ ಸಿದ್ಧಪಡಿಸುವ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸಿಕೊಂಡಾಗ ಮಾತ್ರ ಕೊಂಡವರಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ) ದೊರೆಯುತ್ತದೆ. ಸಾಮಾನ್ಯವಾಗಿ ತಿಂಗಳ 14ನೇ ತಾರೀಕಿನಂದು 2ಬಿ ಸಿದ್ಧವಾಗುತ್ತದೆ. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವವರು 20ರೊಳಗೆ ತಿಂಗಳ ತೆರಿಗೆ ಲೆಕ್ಕದ ರಿಟರ್ನ್ ಆದ 3ಬಿ ಸಲ್ಲಿಸಬೇಕು. ಈ ಕೆಲವೇ ದಿನಗಳಲ್ಲಿ ಖರೀದಿ ಪುಸ್ತಕದ ಪ್ರತಿಯೊಂದು ಬಿಲ್ಲನ್ನೂ 2ಬಿಯ ಸಾಲುಗಳ ಜೊತೆ ಹೊಂದಿಸಿ ನೋಡಬೇಕು. ನಮ್ಮ ಪುಸ್ತಕದಲ್ಲಿ ‘45’ ಎಂದಷ್ಟೇ ಬರೆದುಕೊಂಡಿರುವ ಬಿಲ್ಲಿನ ಸಂಖ್ಯೆ ಅಲ್ಲಿ ‘ಐಎನ್‌ವಿ/0045/24-25’ ಎಂದಿರುತ್ತದೆ. ಒಂದು ಕಡೆ ಪೈಸೆಗಳನ್ನು ರೂಪಾಯಿಗೆ ಸರಿಹೊಂದಿಸಿರುತ್ತಾರೆ, ಇನ್ನೊಂದು ಕಡೆ ಹಾಗೆಯೇ ಬಿಟ್ಟಿರುತ್ತಾರೆ. ಮಾರ್ಚ್ ಕೊನೆಯ ವಾರದ ಬಿಲ್ಲು ಏಪ್ರಿಲ್ ತಿಂಗಳ 2ಬಿಯಲ್ಲಿ ಬಂದು ಕೂತಿರುತ್ತದೆ. ಎಕ್ಸೆಲ್ಲಿನಲ್ಲಿ ಹೊಂದುವ ಸಾಲು ಹುಡುಕುವ ವಿ-ಲುಕಪ್ ಸೂತ್ರ ಹಾಕಿ, ಹೊಂದದೆ ಉಳಿದುದನ್ನೆಲ್ಲ ಕಣ್ಣಿಟ್ಟು ಹುಡುಕುತ್ತ ರಾತ್ರಿ ಕಳೆಯುವವರನ್ನು ನಾನು ಹತ್ತಿರದಿಂದ ಬಲ್ಲೆ.

ಇದೇ ಕೆಲಸವನ್ನು ಎಕ್ಸೆಲ್ಲಿನೊಳಗೇ ಇರುವ, ಕಡತಗಳನ್ನು ಜೋಡಿಸಿ ಶುದ್ಧಗೊಳಿಸುವ ಪವರ್ ಕ್ವೆರಿಯಲ್ಲಿಯೋ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿಯೋ ಒಮ್ಮೆ ಸರಿಯಾಗಿ ಬರೆದಿಟ್ಟರೆ, ಮುಂದಿನ ತಿಂಗಳು ಹೊಸ ಕಡತಗಳನ್ನು ಕೊಟ್ಟೊಡನೆ ಫಲಿತಾಂಶ ಬರುತ್ತದೆ. ಆದರೆ ಇಲ್ಲಿ ಕಷ್ಟದ ಭಾಗ ಕೋಡ್ ಬರೆಯುವುದಲ್ಲ. ಜಿಎಸ್‌ಟಿ ನೋಂದಣಿ ಸಂಖ್ಯೆ ಮತ್ತು ತೆರಿಗೆಯ ಮೊತ್ತ ಎರಡೂ ಒಂದೇ ಇದ್ದು ಬಿಲ್ಲಿನ ಸಂಖ್ಯೆ ಮಾತ್ರ ಬೇರೆ ರೀತಿಯಲ್ಲಿದ್ದರೆ ಅದನ್ನು ಒಂದೇ ಬಿಲ್ಲೆಂದು ಒಪ್ಪಬಹುದೇ, ಎಷ್ಟು ರೂಪಾಯಿಯವರೆಗಿನ ವ್ಯತ್ಯಾಸವನ್ನು ಬಿಡಬಹುದು, ಯಾವುದು ತಡವಾಗಿ ಬಂದ ಬಿಲ್ಲು, ಯಾವುದು ಮಾರಾಟಗಾರರು ತೋರಿಸದೆಯೇ ಬಿಟ್ಟದ್ದು ಎಂಬ ನಿರ್ಧಾರಗಳೇ ಆ ಪ್ರೋಗ್ರಾಮಿನ ಜೀವಾಳ. ಈ ನಿರ್ಧಾರಗಳನ್ನು ಕೈಗೊಳ್ಳಬಲ್ಲವರು ಪುಸ್ತಕ ಬರೆದು ಗೊತ್ತಿರುವವರೇ ಹೊರತು ಬರೀ ಕೋಡ್ ಬಲ್ಲವರಲ್ಲ.

ಇನ್ನೂ ಚಿಕ್ಕದಾದ ಒಂದು ಸಂಗತಿಯನ್ನು ಗಮನಿಸಿ. ಲೆಕ್ಕ ಬರೆಯುವ ತಂತ್ರಾಂಶವಾದ ಟ್ಯಾಲಿಯಿಂದ ಎಕ್ಸೆಲ್ಲಿಗೆ ತೆಗೆದ ವರದಿಗಳಲ್ಲಿ ಡೆಬಿಟ್, ಕ್ರೆಡಿಟ್ ಎಂಬ ಗುರುತು ಹಲವು ಸಲ ಸೆಲ್ಲಿನ ಫಾರ್ಮ್ಯಾಟಿನಲ್ಲಿ ಮಾತ್ರ ಇರುತ್ತದೆ, ಅದರೊಳಗಿನ ಸಂಖ್ಯೆಯಲ್ಲಿ ಇರುವುದಿಲ್ಲ. ಕಣ್ಣಿಗೆ ಕ್ರೆಡಿಟ್ ಎಂದು ಕಾಣುವ ಬಾಕಿಯನ್ನು ಪ್ರೋಗ್ರಾಮು ಡೆಬಿಟ್ಟಿನೊಂದಿಗೇ ಕೂಡಿಸಿಬಿಡುತ್ತದೆ. ಲೆಕ್ಕ ಅರಿಯದವರು ಬಂದ ಮೊತ್ತವನ್ನು ನಂಬುತ್ತಾರೆ; ಎಲ್ಲ ಖಾತೆಗಳ ಬಾಕಿಗಳ ಪಟ್ಟಿಯಾದ ಟ್ರಯಲ್ ಬ್ಯಾಲೆನ್ಸಿನ ಎರಡು ಬದಿ ಸಮವಾಗಲೇಬೇಕೆಂದು ಬಲ್ಲ ಬಿ.ಕಾಂ. ಪದವೀಧರೆ ಅವು ಸಮವಾಗದ್ದನ್ನು ಕಂಡೊಡನೆ ಕೆಲಸ ನಿಲ್ಲಿಸುತ್ತಾಳೆ.

ತಾಳೆ ನೋಡುವ ಈ ಅಭ್ಯಾಸ ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಉದಾಹರಣೆ ಇದೆ. 2020ರ ಅಕ್ಟೋಬರಿನಲ್ಲಿ ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ದೈನಂದಿನ ಲೆಕ್ಕದಿಂದ ಸುಮಾರು 16 ಸಾವಿರ ಕೋವಿಡ್ ಪ್ರಕರಣಗಳು ಬಿಟ್ಟುಹೋಗಿದ್ದುದು ಬೆಳಕಿಗೆ ಬಂತು. ಪ್ರಯೋಗಾಲಯಗಳ ಮಾಹಿತಿಯನ್ನು ತಾನಾಗಿ ಒಗ್ಗೂಡಿಸುವ ವ್ಯವಸ್ಥೆ ಎಕ್ಸೆಲ್ಲಿನ ಹಳೆಯ ಕಡತ ಮಾದರಿಯನ್ನು ಬಳಸುತ್ತಿತ್ತು. ಆ ಮಾದರಿಯಲ್ಲಿ 65,536ಕ್ಕಿಂತ ಹೆಚ್ಚು ಸಾಲುಗಳು ಹಿಡಿಯುವುದಿಲ್ಲ; ಮಿಕ್ಕವು ಬಿಟ್ಟುಹೋದವು. ಬಂದ ಸಾಲುಗಳೆಷ್ಟು, ಸೇರಿದ ಸಾಲುಗಳೆಷ್ಟು ಎಂಬ ಒಂದು ಹೋಲಿಕೆ ಅಲ್ಲಿ ಇದ್ದಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು. ಕಂಟ್ರೋಲ್ ಟೋಟಲ್ ಎಂದು ನಮ್ಮ ಅಕೌಂಟ್ಸಿನವರು ದಿನವೂ ಮಾಡುವ ಕೆಲಸ ಅದು.

ಈ ದಾರಿಗೆ ಬರಬೇಕೆನ್ನುವವರಿಗೆ ನನ್ನದೊಂದು ಎಚ್ಚರಿಕೆಯ ಮಾತಿದೆ. ದುಬಾರಿ ಶುಲ್ಕ ಪಡೆದು ಡ್ಯಾಶ್‌ಬೋರ್ಡ್ ಕಲಿಸುವ ಎಷ್ಟೋ ತರಬೇತಿಗಳಲ್ಲಿ ಅಮೆರಿಕದ ಯಾವುದೋ ಅಂಗಡಿಯ ಶುದ್ಧವಾದ ಮಾದರಿ ಅಂಕಿಅಂಶ ಕೊಟ್ಟು ಬಣ್ಣದ ಚಿತ್ರಗಳನ್ನು ಬಿಡಿಸಲು ಹೇಳಿಕೊಡುತ್ತಾರೆ. ನಿಜವಾದ ಕಚೇರಿಯಲ್ಲಿ ಅಂಥ ಶುದ್ಧ ಕಡತ ಸಿಗುವುದೇ ಇಲ್ಲ. ತಮ್ಮ ಮೇಜಿನ ಮೇಲೆ ಪ್ರತಿ ತಿಂಗಳು ಬಂದು ಬೀಳುವ ಕೆಲಸವೊಂದನ್ನು ಆರಿಸಿಕೊಂಡು, ಮೊದಲು ಪವರ್ ಕ್ವೆರಿ, ಆಮೇಲೆ ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಭಾಷೆಯಾದ ಎಸ್‌ಕ್ಯೂಎಲ್, ಅದಾದ ಮೇಲೆ ಪೈಥಾನ್ ಎಂದು ಹೋಗುವುದೇ ಒಳ್ಳೆಯದು. ಬರೆದ ಪ್ರೋಗ್ರಾಮು ಏನು ಮಾಡುತ್ತದೆ, ಮಾಹಿತಿ ಎಲ್ಲಿಂದ ಬರುತ್ತದೆ ಎಂಬುದನ್ನು ಸರಳವಾಗಿ ಬರೆದಿಡದಿದ್ದರೆ, ಬರೆದವರು ಕೆಲಸ ಬಿಟ್ಟ ಮರುತಿಂಗಳೇ ಕಚೇರಿ ಕಂಗಾಲಾಗುತ್ತದೆ.

ಯಂತ್ರ ಬಂದರೆ ಗುಮಾಸ್ತರ ಕೆಲಸ ಹೋಗುತ್ತದೆ ಎಂಬ ಅಳುಕು ಸುಳ್ಳೆಂದು ನಾನು ಹೇಳಲಾರೆ. ನಕಲು ಮಾಡಿ ಅಂಟಿಸುವ ಕೆಲಸ ಕಡಿಮೆಯಾಗುತ್ತಿದೆ. ಆದ್ದರಿಂದಲೇ ಕಾಲೇಜುಗಳ ಹೊಣೆ ದೊಡ್ಡದು. ನಾನು ಕಂಡ ಕಾಲೇಜುಗಳಲ್ಲಿ ಕಂಪ್ಯೂಟರ್ ವಿಷಯದ ಪರೀಕ್ಷೆಯನ್ನೂ ಉತ್ತರಪತ್ರಿಕೆಯಲ್ಲಿ ಹಂತಗಳನ್ನು ಬರೆಸಿಯೇ ಮುಗಿಸುತ್ತಾರೆ. ಟ್ಯಾಲಿಯಲ್ಲಿ ವೋಚರ್ ನಮೂದಿಸುವುದಕ್ಕೆ ಪಾಠ ನಿಲ್ಲುತ್ತದೆ. ಹೆಸರುಗಳನ್ನು ಮರೆಮಾಚಿದ ಒಂದು ಖರೀದಿ ಪುಸ್ತಕವನ್ನೂ ಅದರ 2ಬಿಯನ್ನೂ ಕೊಟ್ಟು, ಎರಡನ್ನೂ ತಾಳೆ ಮಾಡಿ ವ್ಯತ್ಯಾಸಗಳಿಗೆ ಕಾರಣ ಬರೆಯಿರಿ ಎಂದು ಕಂಪ್ಯೂಟರ್ ಮುಂದೆ ಕೂರಿಸಿ ಕೇಳುವ ಪರೀಕ್ಷೆಯೊಂದನ್ನು ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳು ಬಿ.ಕಾಂ. ಕೊನೆಯ ವರ್ಷಕ್ಕೆ ಅಳವಡಿಸಬೇಕು. ಇಂಥ ಹುದ್ದೆಗಳ ಜಾಹೀರಾತಿನಲ್ಲಿ ಬಿ.ಇ. ಪದವಿಯನ್ನೇ ಕೇಳುವ ಕಂಪನಿಗಳು ವಾಣಿಜ್ಯ ಪದವೀಧರರಿಗೂ ಅರ್ಜಿ ಹಾಕಲು ಅವಕಾಶ ಕೊಡಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ವಾಣಿಜ್ಯ ವಿದ್ಯಾರ್ಥಿಗಳಿಗೆ ತಿಳಿಯುವಂತೆ ಈ ವಿಷಯಗಳನ್ನು ತಮ್ಮ ಶಿಕ್ಷಣ ಪುರವಣಿಯಲ್ಲಿ ಸರಣಿಯಾಗಿ ಪ್ರಕಟಿಸಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

ಇಂತಿ,
ತಮ್ಮ ಓದುಗ
ರಾಜಾಜಿನಗರ, ಬೆಂಗಳೂರು