ಔಟ್ ನಾವೇ ಮಾಡ್ತೀವಿ

ಸಿಯಾಟಲ್ ಹತ್ತಿರದಿಂದ
ಮೇ ತಿಂಗಳ ಕೊನೆಯ ಭಾನುವಾರ

ತೀರ್ಥರೂಪು ಅಪ್ಪನವರಿಗೆ ಮಗಳು ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮ ಕ್ಷೇಮ ಸಮಾಚಾರಕ್ಕೆ ಕಾಗದ ಬರೆಯಿರಿ ಅಂತ ಮುಂದಿನ ಸಾಲು ಬರೆಯಬೇಕು. ಆದರೆ ಮೊನ್ನೆಯಷ್ಟೇ ವಿಡಿಯೋದಲ್ಲಿ ನಿಮ್ಮ ಅರ್ಧ ಹಣೆ, ಪೂರ್ತಿ ಫ್ಯಾನು ನೋಡಿದ್ದೇನೆ. ಆ ಸಾಲು ಬಿಟ್ಟೆ.

ಅವತ್ತು ನಾನೊಂದು ಸುಳ್ಳು ಹೇಳಿದೆ. ಪುಟ್ಟಿ "ತಾತಾ, ನಾವು ಗೆದ್ವಿ" ಅಂದಳು. ಎಷ್ಟಕ್ಕೆ ಅಂತ ಕೇಳಿದಿರಿ. 14–1 ಅಂದಳು. ನೀವು ಭೇಷ್ ಅನ್ನುವಷ್ಟರಲ್ಲಿ ಫೋನು ನನ್ನ ಕೈಗಿಟ್ಟು ಒಳಗೆ ಹೋದಳು. ಯಾಕೆ ಮಗು ಮುಖ ಸಪ್ಪಗಿದೆ ಅಂದಿರಿ. ಸುಸ್ತಾಗಿದೆ ಅಂದುಬಿಟ್ಟೆ. ಸುಸ್ತಲ್ಲ ಅಪ್ಪ. ಆ ಮ್ಯಾಚಿನಲ್ಲಿ ನಾನು ಮಾಡಿದ ಒಂದು ಕೆಲಸದ ಮೇಲೆ ಅವಳಿಗೆ ಸಿಟ್ಟಿತ್ತು. ಫೋನಿನಲ್ಲಿ ಇದನ್ನೆಲ್ಲ ಹೇಳೋಕೆ ಹೋದರೆ ಅಮ್ಮ ನಡುವೆ ಬಂದು "ಸಾರಿಗೆ ಏನು ಹಾಕಿದೆ" ಅಂತ ಕೇಳುತ್ತಾಳೆ. ಅದಕ್ಕೇ ಕಾಗದ.

ಮೊದಲು ಆಟ ಏನು ಅಂತ ಹೇಳುತ್ತೇನೆ. ಸಾಫ್ಟ್‌ಬಾಲ್ ಅಂತ ಹೆಸರು, ಮುಟ್ಟಿದರೆ ಕಲ್ಲು. ಪುಟ್ಟಿಯದು ಹತ್ತು ವರ್ಷದೊಳಗಿನವರ ತಂಡ. ಅವರ ಬಾಲಿನ ಸುತ್ತಳತೆ 11 ಇಂಚು. ನಮ್ಮ ಕ್ರಿಕೆಟ್ ಬಾಲ್ ಸುಮಾರು 9 ಇಂಚು, ಲೆಕ್ಕ ಹಾಕಿಕೊಳ್ಳಿ. ಕೈ ಗಾಳಿಗಿರಣಿ ಥರ ಒಂದು ಸುತ್ತು ತಿರುಗಿಸಿ ಕೆಳಗಿನಿಂದ ಎಸೆಯಬೇಕು. ಎಸೆಯುವ ದೂರ 35 ಅಡಿ. ನಿಮ್ಮ 22 ಗಜದ ಪಿಚ್ಚಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಬ್ಯಾಟ್ ಮಾಡಿದವಳು ಮೂರು ಬೇಸುಗಳನ್ನು ಸುತ್ತಿ, ಹೊರಟ ಜಾಗಕ್ಕೇ ವಾಪಸ್ ಬಂದರೆ ಒಂದು ರನ್. ಮೂರು ಔಟಿಗೆ ಒಂದು ಸರದಿ ಮುಗಿಯುತ್ತೆ. ನಮ್ಮ ಲೀಗಿನಲ್ಲಿ ಒಂದು ಸರದಿಗೆ ಐದೇ ರನ್. ಐದಾದರೆ ಔಟ್ ಆಗದಿದ್ದರೂ ಬದಲಾಯಿಸಬೇಕು. ಇಷ್ಟಿದ್ದೂ 14–1 ಹೇಗೆ ಆಗುತ್ತೆ ಅಂತ ಕೇಳುತ್ತೀರಿ, ಅಲ್ವಾ?

ಈ ವಯಸ್ಸಿನಲ್ಲಿ ಆಟವೆಲ್ಲ ಪಿಚರ್, ಅಂದರೆ ಬಾಲು ಎಸೆಯುವವಳ ಕೈಯಲ್ಲಿ. ಎಸೆದ ಬಾಲು ನೆಟ್ಟಗೆ ಹೋಗುವ ಹುಡುಗಿ ಒಬ್ಬಳಿದ್ದರೆ ಆ ತಂಡ ಗೆದ್ದಂತೆ. ಇಲ್ಲದಿದ್ದರೆ ನಾಲ್ಕು ಬಾಲು ಆಚೀಚೆ ಹೋಗುತ್ತೆ, ಬ್ಯಾಟ್ ಎತ್ತದೆಯೇ ಎದುರಿನವಳು ಮೊದಲ ಬೇಸಿಗೆ ನಡೆದುಕೊಂಡು ಹೋಗುತ್ತಾಳೆ. ಬ್ಯಾಟಿನ ಹಿಂದೆ ಕೂತು ಬಾಲು ಹಿಡಿಯುವ ಕ್ಯಾಚರ್ ಕೈಯಿಂದ ಬಾಲು ಜಾರಿತೋ, ಓಡಿಹೋಗಿ ಎರಡನೇ ಬೇಸ್ ಕದ್ದಳು. ಮತ್ತೆ ಜಾರಿತೋ, ಮೂರನೇದು. ಹೀಗೆ ಒಂದು ಸಲವೂ ಬ್ಯಾಟಿಗೆ ಬಾಲು ತಾಗದೆ ಐದು ರನ್ ಆಗಿಬಿಡುತ್ತೆ. ಮೈದಾನದ ಮೂಲೆಯಲ್ಲಿ ನಿಂತ ಮಕ್ಕಳು ಹುಲ್ಲು ಕೀಳುತ್ತಾ ಕೂರುತ್ತಾರೆ.

ತಂಡಗಳು ಸಮ ಇರಲಿ ಅಂತ ಸೀಸನ್ ಶುರುವಿಗೆ ಮುಂಚೆ ಎಲ್ಲ ಮಕ್ಕಳನ್ನೂ ಓಡಿಸಿ, ಎಸೆಸಿ, ಅಂಕ ಹಾಕಿ, ಕೋಚುಗಳು ಸರದಿ ಪ್ರಕಾರ ಒಬ್ಬೊಬ್ಬರನ್ನೇ ಆರಿಸಿಕೊಳ್ಳುತ್ತಾರೆ. ಥೇಟ್ ನಮ್ಮ ಕ್ವಾರ್ಟರ್ಸ್ ಮೈದಾನದಲ್ಲಿ ಇಬ್ಬರು ಕ್ಯಾಪ್ಟನ್‌ಗಳು ಹುಡುಗರನ್ನು ಆರಿಸುತ್ತಿದ್ದ ಹಾಗೆ. ಆದರೆ ಸರಿಯಾಗಿ ಎಸೆಯೋಕೆ ಬರುವವರು ಇಡೀ ಲೀಗಿಗೆ ಮೂರೋ ನಾಲ್ಕೋ ಜನ. ಅವರು ಯಾವ ಕಡೆ ಬಿದ್ದರೋ ಆ ಕಡೆ ತಕ್ಕಡಿ.

ಏಪ್ರಿಲಿನ ಮೊದಲ ಮ್ಯಾಚಿನಲ್ಲಿ ಪೆಟ್ಟು ತಿಂದವರು ನಾವು. ಸೋನೆ ಮಳೆ, ಮೈ ಕೊರೆಯುವ ಚಳಿ, ಅಪ್ಪ ಅಮ್ಮಂದಿರೆಲ್ಲ ಕಂಬಳಿ ಹೊದ್ದು ಕೂತಿದ್ದರು. ಐದು, ಐದು, ಐದು. ಮೂರು ಸರದಿಗೆ 15–0. ಮೂರು ಸರದಿಗೆ ಅಷ್ಟು ಅಂತರ ಆದರೆ ಆಟ ನಿಲ್ಲಿಸಬೇಕು ಅಂತ ನಿಯಮ. ಇದಕ್ಕೆ ಮರ್ಸಿ ರೂಲ್ ಅಂತಾರೆ, ಕರುಣೆಯ ನಿಯಮ. 12–0 ಆದಮೇಲೂ ಎದುರಿನ ಕೋಚ್ ಮೂರನೇ ಬೇಸಿನ ಪಕ್ಕ ನಿಂತು ಓಡು ಓಡು ಅಂತ ಕೈ ಬೀಸುತ್ತಲೇ ಇದ್ದರು. ನಮ್ಮ ಕ್ಯಾಚರ್ ಮಗು ಬಾಲು ಹುಡುಕುತ್ತಾ ಅಳುತ್ತಿತ್ತು. ಆ ಮನುಷ್ಯನ ಮೇಲೆ ನನಗೆ ಎಂಥ ಸಿಟ್ಟು ಬಂತು ಅಂದರೆ, ಮ್ಯಾಚ್ ಮುಗಿದಮೇಲೆ ಎರಡೂ ಕಡೆಯವರು ಸಾಲಾಗಿ ಕೈ ತಟ್ಟಿಕೊಂಡು "ಗುಡ್ ಗೇಮ್, ಗುಡ್ ಗೇಮ್" ಅನ್ನುತ್ತಾ ಹೋಗುವಾಗ ನಾನು ಬೇಕಂತಲೇ ಬ್ಯಾಟುಗಳನ್ನು ಚೀಲಕ್ಕೆ ತುಂಬುತ್ತಾ ಕೂತೆ.

ಪುಟ್ಟಿಯದು ಬೇರೆ ಕಥೆ. ಇಲ್ಲಿ ಎಲ್ಲ ಮಕ್ಕಳೂ ಬ್ಯಾಟಿಂಗ್ ಸಾಲಿನಲ್ಲಿ ಇರುತ್ತಾರೆ, ನಮ್ಮಲ್ಲಿ 11 ಜನ. ಅವಳು 11ನೆಯವಳು. 9 ಔಟಿಗೆ ಮೂರು ಸರದಿ ಮುಗಿದುಹೋಯಿತು. ಹೆಲ್ಮೆಟ್ ಹಾಕಿಕೊಂಡು ಬ್ಯಾಟ್ ಹಿಡಿದು ತಯಾರಾಗಿ ನಿಂತಿದ್ದವಳಿಗೆ ಆಡುವ ಸರದಿಯೇ ಬರಲಿಲ್ಲ. ಆಟಕ್ಕುಂಟು ಲೆಕ್ಕಕ್ಕಿಲ್ಲ. "ಅಷ್ಟೇನಾ? ಮುಗೀತಾ?" ಅಂದಳು. ಕರುಣೆ ಯಾರ ಮೇಲೆ ಅಂತ ನನಗೂ ಅರ್ಥವಾಗಲಿಲ್ಲ.

ಮೇ ಹೊತ್ತಿಗೆ ಗಾಳಿ ತಿರುಗಿತು. ನಮ್ಮ ತಂಡದ ಒಬ್ಬಳು ಉದ್ದ ಹುಡುಗಿ ದಿನಾ ಸಂಜೆ ಮನೆಯ ಗ್ಯಾರೇಜ್ ಬಾಗಿಲಿಗೆ ಬಾಲು ಎಸೆದು ಎಸೆದು ಪಿಚರ್ ಆದಳು. (ಆ ಬಾಗಿಲಿನ ಗತಿ ನೋಡಬೇಕು ನೀವು.) ನಾವು ಗೆಲ್ಲೋಕೆ ಶುರು ಮಾಡಿದೆವು.

ಹೋದ ಶನಿವಾರ ಮುಖ್ಯ ಕೋಚ್ ಆಫೀಸ್ ಕೆಲಸಕ್ಕೆ ಊರು ಬಿಟ್ಟಿದ್ದರು. ಜವಾಬ್ದಾರಿ ನನ್ನ ತಲೆಗೆ. ನನ್ನ ಅರ್ಹತೆ ಏನು ಅಂದರೆ, ಯಾರು ಸಹಾಯ ಮಾಡ್ತೀರಿ ಅಂತ ಕೇಳಿದ ದಿನ ಬೇಗ ಮನೆಗೆ ಹೋಗಲಿಲ್ಲ, ಅಷ್ಟೇ. ಎರಡೇ ಸರದಿಗೆ 10–0 ಆಯಿತು. ಎದುರಿನ ಪಿಚರ್ ಮಗುವಿನ ಗದ್ದ ನಡುಗುತ್ತಿತ್ತು. ಏಪ್ರಿಲಿನ ಆ ಕೋಚ್ ಥರ ನಾನಾಗಬಾರದು ಅಂತ ಹಟ ಬಂತು. ಮೂರನೇ ಸರದಿಯಲ್ಲಿ ಇನ್ನೂ ಮೂರು ರನ್ ಬಂದವು. ಆಗ ನನಗೊಂದು ಬುದ್ಧಿವಂತಿಕೆ ಹೊಳೆಯಿತು. ಈ ಆಟದಲ್ಲಿ ಪಿಚರ್ ಕೈಯಿಂದ ಬಾಲು ಬಿಡುವ ಮುಂಚೆ ಓಡುವವಳು ಬೇಸ್ ಬಿಟ್ಟರೆ ಔಟ್. ಬೇಸ್ ಮೇಲಿದ್ದ ಹುಡುಗಿಗೆ ಕಿವಿಯಲ್ಲಿ "ಬೇಗ ಬಿಟ್ಟುಬಿಡು" ಅಂದೆ. ಔಟ್. ಇನ್ನೊಬ್ಬಳಿಗೂ ಅದನ್ನೇ ಹೇಳಿದೆ. ಔಟ್. ಸರದಿ ಮುಗಿಯಿತು. ಎಷ್ಟು ಸಲೀಸು ಅಂದುಕೊಂಡೆ.

ಮೊದಲನೆಯವಳು ಬೆಂಚಿಗೆ ಬಂದು ಅತ್ತಳು. ಅವಳಿಗೆ ಯಾಕೆ ಅಂತ ನಾನು ಹೇಳಿರಲಿಲ್ಲ. ತಾನೇ ಏನೋ ತಪ್ಪು ಮಾಡಿದೆ ಅಂದುಕೊಂಡಿದ್ದಳು. ಪುಟ್ಟಿ ನನ್ನ ಮುಖವನ್ನೇ ನೋಡುತ್ತಿದ್ದಳು. ಎದುರಿನ ತಂಡದ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸಿನ ನಡುವೆ ನಿಲ್ಲುವವಳು), ಹಲ್ಲು ಬಿದ್ದ ಒಂದು ಚಿಕ್ಕ ಹುಡುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಅವರು ನಮಗೆ ಬಿಟ್ಟುಕೊಡ್ತಿದ್ದಾರೆ." ಅಂಪೈರ್ ಹೈಸ್ಕೂಲ್ ಹುಡುಗ. ಅವನೂ ನೆಲ ನೋಡಿದ.

ನಾಲ್ಕನೇ ಸರದಿಗೆ 14–1. ನಾಲ್ಕು ಸರದಿ ಆದಮೇಲೆ ಹತ್ತಕ್ಕಿಂತ ಜಾಸ್ತಿ ಅಂತರ ಇದ್ದರೂ ಸಾಕು, ಅಲ್ಲಿಗೆ ಆಟ ಮುಗಿಯಿತು. ಆ ಒಂದು ರನ್ ಅವರು ಹೊಡೆದೇ ಗಳಿಸಿದ್ದು. ಅದಕ್ಕೆ ಅವರ ಕಡೆ ಎದ್ದ ಕೂಗು ನಮ್ಮ 14ಕ್ಕೂ ಎದ್ದಿರಲಿಲ್ಲ.

ಆಮೇಲೆ ಅವರ ಕೋಚ್ ನನ್ನ ಹತ್ತಿರ ಬಂದರು. ನನಗಿಂತ ಹತ್ತು ವರ್ಷ ದೊಡ್ಡವರು, ಕಾಲೇಜಿನಲ್ಲಿ ಆಡಿದವರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. "ನೀವು ಒಳ್ಳೇ ಮನಸ್ಸಿನಿಂದಲೇ ಮಾಡಿದಿರಿ. ಆದರೆ ನಮಗೆ ಔಟ್ ಕೊಡಬೇಡಿ, ಔಟ್ ನಾವೇ ಮಾಡ್ತೀವಿ" ಅಂದರು. ಹಾಗಾದರೆ ನಾನೇನು ಮಾಡಬೇಕಿತ್ತು ಅಂತ ನಿಜವಾಗಿಯೂ ಕೇಳಿದೆ. ಕಾರ್ ಪಾರ್ಕಿಂಗಿನಲ್ಲಿ ನಿಂತು ಅರ್ಧ ಗಂಟೆ ಹೇಳಿಕೊಟ್ಟರು.

ಬೇಸ್ ಕದಿಯೋದು ನಿಲ್ಲಿಸಿ ಅಂದರು. ಕ್ಯಾಚರ್ ಕೈಯಿಂದ ಬಾಲು ಜಾರಿದರೂ ಓಡಬೇಡಿ. ಒಂದು ಹೊಡೆತಕ್ಕೆ ಒಂದೇ ಬೇಸ್. ಆಗ ನಿಮ್ಮ ಹುಡುಗಿಯರು ಮೂರೂ ಬೇಸಿನಲ್ಲಿ ನಿಂತಿರುತ್ತಾರೆ, ಮುಂದಿನ ಹೊಡೆತಕ್ಕೆ ಎಲ್ಲರೂ ಮುಂದಕ್ಕೆ ಹೋಗಲೇಬೇಕು. ಓಡುವವಳಿಗಿಂತ ಮೊದಲು ಬಾಲು ಬೇಸ್ ತಲುಪಿದರೆ ಔಟ್, ಹಾಗಾಗಿ ಬಾಲು ಹಿಡಿದ ನಮ್ಮ ಮಗು ಯಾವ ಬೇಸಿಗೆ ಎಸೆದರೂ ಔಟ್ ಸಿಗುವ ದಾರಿ ಇರುತ್ತೆ. ಯಾರೂ ದಾನ ಕೊಟ್ಟ ಹಾಗೆ ಆಗಲ್ಲ. ಬ್ಯಾಟ್ ಹಿಡಿದವಳಿಗೆ ಮಾತ್ರ ಮೆಲ್ಲಗೆ ಹೊಡಿ ಅಂತ ಯಾವತ್ತೂ ಹೇಳಬೇಡಿ. ಎಡಗೈಯಲ್ಲಿ ಆಡು ಅಂತಂತೂ ಹೇಳಲೇಬೇಡಿ, ಅದು ಅಣಕಿಸಿದ ಹಾಗೆ. ಮಕ್ಕಳ ಜಾಗ ಬದಲಾಯಿಸಿ. ಮೂಲೆಯಲ್ಲಿ ಹುಲ್ಲು ಕೀಳುತ್ತಿದ್ದವಳನ್ನು ಪಿಚರ್ ಮಾಡಿ. ಆಟ ಬೇಗ ಮುಗಿದರೆ ಸ್ಕೋರು ಸೊನ್ನೆ ಮಾಡಿ, ಉಳಿದ ಹೊತ್ತು ಸುಮ್ನೆ ಆಡಿಸೋಣ, ಮಕ್ಕಳು ಬಂದಿರೋದು ಆಡೋಕೆ ತಾನೆ.

ಇದರಲ್ಲಿ ಯಾವುದೂ ದೊಡ್ಡ ವಿದ್ಯೆಯಲ್ಲ ಅಪ್ಪ. ಆದರೆ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಇಲ್ಲಿ ಕೋಚುಗಳಿಗೆ ಕ್ರೀಡಾ ಮನೋಭಾವ ಅಂದರೆ ಎಲ್ಲರೂ ಒಂದೇ ಕಥೆ ಹೇಳುತ್ತಾರೆ. ನಮ್ಮಲ್ಲಿಂದ ಎರಡು ಗಂಟೆ ದಾರಿಯ ಎಲೆನ್ಸ್‌ಬರ್ಗಿನಲ್ಲೇ ನಡೆದದ್ದು, 2008ರ ಏಪ್ರಿಲಿನಲ್ಲಿ. ವೆಸ್ಟರ್ನ್ ಒರೆಗಾನ್ ಕಾಲೇಜು ತಂಡದ ಸಾರಾ ಟಕೋಲ್ಸ್ಕಿ ತನ್ನ ಜೀವನದ ಮೊದಲ ಹೋಂ ರನ್ ಹೊಡೆದಳು, ಅಂದರೆ ಬಾಲು ಬೇಲಿ ದಾಟಿತು. ಆದರೂ ಎಲ್ಲ ಬೇಸ್ ಮುಟ್ಟಿ ಬಂದರೇನೇ ರನ್. ಬೇಸ್ ಸುತ್ತುವಾಗ ಮೊಣಕಾಲು ಹೊರಳಿ ಕುಸಿದಳು. ಅವಳ ತಂಡದವರು ಮುಟ್ಟಿದರೆ ಔಟ್ ಅಂತ ಅಂಪೈರ್ ಹೇಳಿದರು. ಆಗ ಎದುರಾಳಿ ಸೆಂಟ್ರಲ್ ವಾಷಿಂಗ್ಟನ್ ತಂಡದ ಮ್ಯಾಲರಿ ಹೋಲ್ಟ್‌ಮನ್, ಲಿಜ್ ವ್ಯಾಲೇಸ್ ಇಬ್ಬರೂ ಅವಳನ್ನು ಎತ್ತಿಕೊಂಡು, ಒಂದೊಂದು ಬೇಸಿಗೂ ಅವಳ ಕಾಲು ತಾಗಿಸುತ್ತಾ ಸುತ್ತು ಮುಗಿಸಿದರು. 4–2ರಲ್ಲಿ ಸೋತರು. ಕೇಳಿದಾಗ ನನ್ನ ಕಣ್ಣೂ ಒದ್ದೆಯಾಯಿತು, ನಿಜ. ಆದರೆ ಶನಿವಾರದ 13–0ಕ್ಕೆ ಅದು ಉಪಯೋಗಕ್ಕೆ ಬರಲಿಲ್ಲ. ಅಲ್ಲಿ ಏನು ಮಾಡಬೇಕು ಅಂತ ಎದುರಿಗೇ ಕಾಣುತ್ತಿತ್ತು. ಇಲ್ಲಿ ನಲವತ್ತು ನಿಮಿಷ ಯಾರೂ ಬೀಳಲ್ಲ, ಯಾರನ್ನೂ ಎತ್ತಬೇಕಾಗಿಲ್ಲ. ಸುಮ್ನೆ ಒಂದೊಂದೇ ರನ್ ಬರ್ತಾ ಇರುತ್ತೆ.

ಇದು ಮಕ್ಕಳ ಆಟದ ರಗಳೆ ಮಾತ್ರ ಅಂದುಕೊಳ್ಳಬೇಡಿ. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಅಮೆರಿಕದ ಹೆಂಗಸರು ಎಲ್ಲ ಮ್ಯಾಚು ಸೇರಿ 51 ರನ್ ಹೊಡೆದು ಒಂದೇ ಒಂದು ರನ್ ಬಿಟ್ಟುಕೊಟ್ಟಿದ್ದರು. ಮರುವರ್ಷವೇ ಈ ಆಟವನ್ನು 2012ರಿಂದ ಒಲಿಂಪಿಕ್ಸಿಂದ ಕೈಬಿಡುವ ತೀರ್ಮಾನ ಆಯಿತು. ಒಂದೇ ದೇಶ ಹೀಗೆ ಬಡಿಯುತ್ತಿದ್ದದ್ದೂ ಕಾರಣ ಅಂತ ಇಲ್ಲಿ ಬಹಳ ಜನ ಹೇಳುತ್ತಾರೆ. ತಮಾಷೆ ಅಂದರೆ 2008ರ ಫೈನಲ್ಲಿನಲ್ಲಿ ಜಪಾನಿನವರು ಇವರನ್ನು ಸೋಲಿಸಿಬಿಟ್ಟರು. 2028ರ ಒಲಿಂಪಿಕ್ಸಿಗೆ ಇದೂ ಬರುತ್ತೆ, ನಿಮ್ಮ ಕ್ರಿಕೆಟ್ಟೂ ಬರುತ್ತೆ. ಆಗ ತಾತ ಮೊಮ್ಮಗಳು ಟಿವಿ ರಿಮೋಟಿಗೆ ಜಗಳ ಆಡಬಹುದು.

ಶನಿವಾರ ರಾತ್ರಿ ಪುಟ್ಟಿಗೆ ಸಮಾಧಾನ ಮಾಡೋಕೆ ನಿಮ್ಮ ಕಥೆ ಹೇಳಿದೆ. ನಮ್ಮ ಭದ್ರಾವತಿಯ ವಿಶ್ವನಾಥ್ ಕಥೆ. 1980ರ ಬಾಂಬೆ ಟೆಸ್ಟ್, ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರನ್ನು ಕ್ಯಾಪ್ಟನ್ ಆಗಿದ್ದ ವಿಶಿ ವಾಪಸ್ ಕರೆದದ್ದು, ಅವನು ಬೋಥಮ್ ಜೊತೆ ನಿಂತು 171 ರನ್ ಸೇರಿಸಿದ್ದು. ನೀವು ಹೇಳುತ್ತಿದ್ದ ಹಾಗೇ, ಕೈ ಸನ್ನೆ ಸಮೇತ ಹೇಳಿದೆ. ಅವಳು ನಾನು ಚಿಕ್ಕವಳಿದ್ದಾಗ ಕೇಳುತ್ತಿದ್ದ ಪ್ರಶ್ನೆಯನ್ನೇ ಕೇಳಿದಳು. "ಆಮೇಲೆ ನಾವು ಗೆದ್ವಾ?" ಸೋತೆವು ಅಂದೆ. "ಎಷ್ಟಕ್ಕೆ?" ಹತ್ತು ವಿಕೆಟ್ಟಿಗೆ ಅಂದೆ. "ಓ, ಮರ್ಸಿ ರೂಲ್" ಅಂದು ಮಗ್ಗುಲು ಬದಲಾಯಿಸಿದಳು. ನಾನು ಕೇಳಿದಾಗ ನೀವು "ಊಟ ಮಾಡು" ಅನ್ನುತ್ತಿದ್ದಿರಿ. ಅವಳದು ಊಟ ಆಗಿತ್ತು.

ಬುಧವಾರ ಸಂಜೆ ಇನ್ನೊಂದು ತಂಡದ ಜೊತೆ ಮ್ಯಾಚಿತ್ತು. ಮತ್ತೆ 10–0. ಈ ಸಲ ಓಟ ನಿಲ್ಲಿಸಿದೆ, ಯಾಕೆ ಅಂತ ಮಕ್ಕಳಿಗೆ ಮೊದಲೇ ಹೇಳಿದೆ. ಎದುರಿನವರು ಎರಡನೇ ಬೇಸಿನಲ್ಲಿ ಎರಡು ಔಟ್ ತಾವೇ ಮಾಡಿದರು, ಕುಣಿದಾಡಿದರು. ಪುಟ್ಟಿಗೆ ಪಿಚಿಂಗ್ ಕೊಟ್ಟೆ. ಒಂದೂ ಔಟ್ ಇಲ್ಲದೆ ಐದು ರನ್ ಕೊಟ್ಟಳು. ಒಂದು ಬಾಲು ಬೇಲಿ ದಾಟಿ ಇನ್ನೇನು ಯಾರದೋ ನಾಯಿಗೆ ತಾಗುತ್ತಿತ್ತು. ಖುಷಿಯಾಗೇ ಬಂದಳು. ನಾನೂ ಪರವಾಗಿಲ್ಲ, ಕಲಿತೆ ಅಂದುಕೊಂಡೆ.

ಕಾರಿನಲ್ಲಿ ಬರುವಾಗ ಹಿಂದಿನ ಸೀಟಿನಿಂದ ಕೇಳಿದಳು. "ಅಮ್ಮಾ, ನಾವು ಹತ್ತು ರನ್ ಮುಂದಿದ್ರೆ ಮಾತ್ರ ನನ್ನ ಸರದಿ, ಅಲ್ವಾ?"

ಉತ್ತರ ಕೊಡೋಕೆ ಆಗಲಿಲ್ಲ ಅಪ್ಪ. ಸಿಗ್ನಲ್ ಹಸಿರಾಗಿತ್ತು, ಹಿಂದಿನವನು ಹಾರ್ನ್ ಹೊಡೆದ. ಇಲ್ಲಿ ಹಾರ್ನ್ ಕೇಳೋದೇ ಅಪರೂಪ. ನೀವು ಕ್ವಾರ್ಟರ್ಸ್ ಮೈದಾನದಲ್ಲಿ ಒಂದು ಕಡೆ ಜಾಸ್ತಿ ಭಾರ ಆದರೆ ಅರ್ಧ ಮ್ಯಾಚಿನಲ್ಲೇ ಬೌಲರನ್ನು ಎತ್ತಿ ಆಚೆ ತಂಡಕ್ಕೆ ಹಾಕುತ್ತಿದ್ದಿರಿ. ಇಲ್ಲಿ ಹಾಗೆ ಮಾಡೋಕೆ ಬರಲ್ಲ, ಜರ್ಸಿ ಬಣ್ಣ ಬೇರೆ. ಆದರೆ ಚಿಕ್ಕವರಿಗೆ, ಆಡೋಕೆ ಬಾರದವರಿಗೆ ನೀವು ಯಾವಾಗ ಬೌಲಿಂಗ್ ಕೊಡುತ್ತಿದ್ದಿರಿ? ಗೆದ್ದಾದಮೇಲೋ, ಮುಂಚೆಯೋ? ನೆನಪು ಮಾಡಿಕೊಂಡು ಹೇಳಿ.

ಉಳಿದಂತೆ ಎಲ್ಲ ಸರಿ. ಇವರ ಬೆನ್ನು ನೋವು ಕಡಿಮೆಯಾಗಿದೆ. ಅಮ್ಮನಿಗೆ ಹೇಳಿ, ಸಂಡಿಗೆ ಕಳಿಸಿದ್ದು ಪುಡಿಯಾಗದೆ ಬಂತು. ನಿಮ್ಮ ಬಿಪಿ ಮಾತ್ರೆ ತಪ್ಪಿಸಬೇಡಿ.

ಬರುವ ಶನಿವಾರ ಬೆಳಿಗ್ಗೆ 9ಕ್ಕೆ ಮ್ಯಾಚು, ನಿಮಗೆ ರಾತ್ರಿ 9.30. ಏಪ್ರಿಲಿನಲ್ಲಿ ನಮಗೆ 15 ಹೊಡೆದ ತಂಡವೇ. ಈ ಕಾಗದ ತಲುಪುವ ಹೊತ್ತಿಗೆ ಫಲಿತಾಂಶ ಫೋನಿನಲ್ಲೇ ಗೊತ್ತಾಗಿರುತ್ತೆ. ಪುಟ್ಟಿಗೆ ಮೊದಲ ಸರದಿಯಲ್ಲೇ, ಇನ್ನೂ 0–0 ಇರುವಾಗಲೇ, ಪಿಚಿಂಗ್ ಕೊಡೋಣ ಅಂತ ಮುಖ್ಯ ಕೋಚಿಗೆ ಹೇಳಿದ್ದೇನೆ. ಅವರು ಇನ್ನೂ ಹ್ಞೂಂ ಅಂದಿಲ್ಲ.

ಇಂತಿ ನಿಮ್ಮ ಮಗಳು